ಎಲ್ಲರ ಆರು ತಿಂಗಳೂ ಒಂದೇ ಅಲ್ಲ

ಆಪತ್ಕಾಲಕ್ಕೆಂದು ಆರು ತಿಂಗಳ ಮನೆಖರ್ಚು ಎತ್ತಿಡಬೇಕು. ಹಣಕಾಸಿನ ಯಾವ ಪುಸ್ತಕ ತೆರೆದರೂ ಸಿಗುವ ಮಾತು ಇದು. ತಿಂಗಳ ಕೊನೆಗೆ ಸಂಬಳ ಬೀಳುವ ಮನೆಗೆ ಈ ಲೆಕ್ಕ ಸರಿಯೇ. ಆದರೆ ವರ್ಷದ ಗಳಿಕೆಯಲ್ಲಿ ಬಹುಪಾಲು ಎರಡು ಮೂರು ತಿಂಗಳಲ್ಲೇ ಆಗಬೇಕಾದ ಮನೆಗಳಿಗೆ ಯಾವ ಲೆಕ್ಕ? ಕೋವಿಡ್ ಕಾಲದ ಲಾಕ್‌ಡೌನ್‌ಗಳು ಈ ಪ್ರಶ್ನೆಯನ್ನು ನಮ್ಮ ಮನೆಯ ನಡುಮನೆಗೇ ತಂದಿಟ್ಟವು.

ನನ್ನ ತಮ್ಮ ದಾವಣಗೆರೆಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಾನೆ. ಯುಗಾದಿಯಿಂದ ಮುಂಗಾರಿನವರೆಗೆ ಅವನಿಗೆ ಸುಗ್ಗಿ. ಮದುವೆ, ಗೃಹಪ್ರವೇಶ, ಜಾತ್ರೆ, ಬಸವ ಜಯಂತಿ ಎಲ್ಲ ಆಗಲೇ. ಆಷಾಢ ಬಂತೆಂದರೆ ಕೊಪ್ಪರಿಗೆಗಳು ಗೋದಾಮು ಸೇರುತ್ತವೆ. ದೀಪಾವಳಿ ಕಳೆದ ಮೇಲೆ ಮತ್ತೊಂದಿಷ್ಟು ಕೆಲಸ, ಅಷ್ಟೆ. 2020ರಲ್ಲಿ ದೇಶ ಬಾಗಿಲು ಹಾಕಿದ ಮಾರ್ಚ್ 25 ಯುಗಾದಿಯ ದಿನವೇ ಆಗಿತ್ತು. ಏಪ್ರಿಲ್ 26ರ ಬಸವ ಜಯಂತಿ ಮನೆಯೊಳಗೇ ಕಳೆಯಿತು. ಮರುವರ್ಷ ಎರಡನೇ ಅಲೆ ಬಂದು ಮೇ 10ರಿಂದ ರಾಜ್ಯ ಮತ್ತೆ ಲಾಕ್‌ಡೌನ್ ಆಯಿತು, ಬಸವ ಜಯಂತಿ ಮೇ 14ಕ್ಕಿತ್ತು. ಬೆನ್ನು ಬೆನ್ನಿಗೆ ಎರಡು ಸೀಸನ್ ಹೋದವು.

2020ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ 23.9ರಷ್ಟು ಕುಸಿಯಿತು ಎಂದು ಸರ್ಕಾರದ ಮೊದಲ ಅಂದಾಜು ಹೇಳಿತು. ದೇಶದ ಪುಸ್ತಕದಲ್ಲಿ ಅದು ವರ್ಷದ ನಾಲ್ಕರಲ್ಲಿ ಒಂದು ತ್ರೈಮಾಸಿಕ. ತಮ್ಮನ ಪುಸ್ತಕದಲ್ಲಿ ಅದೇ ಇಡೀ ವರ್ಷ. ಅದೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ನನ್ನ ಖಾತೆಗೆ ಸಂಬಳ ತಪ್ಪದೆ ಬಂತು. ಬಸ್ಸಿನ ಖರ್ಚೂ ಉಳಿಯಿತು. ಒಂದೇ ತಾಯಿಯ ಮಕ್ಕಳಾದ ನಮ್ಮಿಬ್ಬರಿಗೆ ಒಂದೇ ಲಾಕ್‌ಡೌನ್ ಎರಡು ಬೇರೆ ಕಾಲಗಳಾಗಿ ಬಂದಿತ್ತು.

ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಮೂರು ತಿಂಗಳ ವಿನಾಯಿತಿ ಕೊಡಲು ಬ್ಯಾಂಕುಗಳಿಗೆ ಅನುಮತಿಸಿತು. ಮೇ 22ರಂದು ಅದನ್ನು ಆಗಸ್ಟ್ ಕೊನೆಯವರೆಗೆ ವಿಸ್ತರಿಸಿತು. ತಮ್ಮ ಫೋನ್ ಮಾಡಿದ. "ಅಕ್ಕಾ, ಕಂತು ಕಟ್ಟೋದು ಬ್ಯಾಡಂತೆ, ಮೆಸೇಜ್ ಬಂದೈತಿ." ಕಟ್ಟುವುದು ಬೇಡ ಎಂದಲ್ಲ, ಈಗ ಕಟ್ಟುವುದು ಬೇಡ ಎಂದು. ಬಡ್ಡಿ ಒಂದು ದಿನವೂ ನಿಲ್ಲುವುದಿಲ್ಲ. ಇಬ್ಬರೂ ಫೋನಿನಲ್ಲೇ ಲೆಕ್ಕಕ್ಕೆ ಕೂತೆವು.

ಆ ಲೆಕ್ಕ ಇಂದಿಗೂ ಉಪಯೋಗಕ್ಕೆ ಬರುವಂಥದ್ದು. 20 ಲಕ್ಷ ರೂಪಾಯಿ ಮನೆ ಸಾಲ, ಶೇ 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 17,356 ರೂಪಾಯಿ. ಅದರಲ್ಲಿ ಮೊದಮೊದಲು 14 ಸಾವಿರಕ್ಕೂ ಹೆಚ್ಚು ಬರಿ ಬಡ್ಡಿಗೇ ಹೋಗುತ್ತದೆ. ಸಾಲ ತೆಗೆದ ಹೊಸದರಲ್ಲೇ ಆರು ಕಂತು ಬಿಟ್ಟರೆ ಸುಮಾರು 86,500 ರೂಪಾಯಿ ಬಡ್ಡಿ ಅಸಲಿಗೆ ಸೇರುತ್ತದೆ. ಕಂತಿನ ಮೊತ್ತ ಅಷ್ಟೇ ಇಟ್ಟರೆ 240 ಕಂತಿಗೆ ಮುಗಿಯಬೇಕಿದ್ದ ಸಾಲಕ್ಕೆ ಸುಮಾರು 270 ಕಂತು ಕಟ್ಟಬೇಕಾಗುತ್ತದೆ. ಬಿಟ್ಟದ್ದು ಆರು, ಹೆಚ್ಚಾದದ್ದು ಮೂವತ್ತು. ಅಷ್ಟೇ ಅಸಲು ಬಾಕಿಯಿದ್ದು ಐದು ವರ್ಷದಲ್ಲಿ ಮುಗಿಯುವ ಸಾಲವಾದರೆ ಹೆಚ್ಚಾಗುವುದು ಬರೀ ಮೂರು ನಾಲ್ಕು ಕಂತು. ಅಂದರೆ ಈ ವಿನಾಯಿತಿ ಅತಿ ದುಬಾರಿಯಾದದ್ದು ಆಗತಾನೇ ಸಾಲ ಮಾಡಿ ಮನೆ ಕಟ್ಟಿಕೊಂಡ ಎಳೆಯ ಸಂಸಾರಗಳಿಗೆ. ಕೈಯಲ್ಲಿ ಉಳಿತಾಯವಿಲ್ಲದೆ ಅದನ್ನು ಅನಿವಾರ್ಯವಾಗಿ ಒಪ್ಪಿಕೊಂಡವರಲ್ಲಿ ಇಂಥ ಸಂಸಾರಗಳೂ ಇದ್ದವು.

ಆಮೇಲೆ ಬಡ್ಡಿಯ ಮೇಲಿನ ಬಡ್ಡಿಯ ವಿಚಾರ ದೊಡ್ಡದಾಯಿತು. 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ಕೇಂದ್ರ ಸರ್ಕಾರ ಅದೇ ವರ್ಷದ ನವೆಂಬರ್‌ನಲ್ಲಿ ಭರಿಸಿತು. ಕಂತು ತಪ್ಪಿಸದೆ ಕಟ್ಟಿದ ನನ್ನಂಥವರಿಗೂ ಅದು ಜಮಾ ಆಯಿತು. 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್, ಆ ಆರು ತಿಂಗಳಿಗೆ ಯಾರ ಮೇಲೂ ಚಕ್ರಬಡ್ಡಿ ಹಾಕಬಾರದೆಂದು ತೀರ್ಪು ಕೊಟ್ಟಿತು. ನ್ಯಾಯದ ಮಾತು, ಸಂತೋಷ. ಆದರೆ ಮೇಲಿನ 20 ಲಕ್ಷದ ಲೆಕ್ಕದಲ್ಲಿ ಆ ವ್ಯತ್ಯಾಸ ಸುಮಾರು 1,500 ರೂಪಾಯಿ ಮಾತ್ರ. ಮಿಕ್ಕ 85,000 ರೂಪಾಯಿ ಸಾಲಗಾರನ ಹೆಗಲ ಮೇಲೆಯೇ ಉಳಿಯಿತು.

ತಮ್ಮ ವಾಹನದ ಸಾಲಕ್ಕೆ ವಿನಾಯಿತಿ ಪಡೆದ. ಶೆಡ್ಡಿನಲ್ಲಿ ನಿಂತ ಗಾಡಿಗೆ ಕಂತು ಕಟ್ಟಲು ಬೇರೆ ದಾರಿಯೂ ಇರಲಿಲ್ಲ. ಮನೆ ಸಾಲಕ್ಕೆ ಮಾತ್ರ, ಪೂರ್ತಿ ಕಂತು ಆಗದಿದ್ದರೂ ಬಡ್ಡಿಯಷ್ಟನ್ನಾದರೂ ತುಂಬುತ್ತ ಹೋಗೋಣ ಎಂದು ನಿರ್ಧರಿಸಿ, ಅದರಲ್ಲಿ ಅರ್ಧ ನಾನು ಹಾಕಿದೆ. ಬಡ್ಡಿ ತುಂಬುತ್ತ ಹೋದರೆ ಅಸಲು ಬೆಳೆಯುವುದಿಲ್ಲ. ಅವನ ಮನೆ ಸಾಲ ಬೆಳೆಯಲಿಲ್ಲ.

ಎಷ್ಟೋ ಮನೆಗಳಲ್ಲಿ ಆಗ ಅಲಮಾರಿಯ ಚಿನ್ನ ಹೊರಗೆ ಬಂತು. 2020ರ ಆಗಸ್ಟ್‌ನಲ್ಲಿ 10 ಗ್ರಾಂ ಚಿನ್ನ 55 ಸಾವಿರ ರೂಪಾಯಿ ದಾಟಿತ್ತು. ಬ್ಯಾಂಕುಗಳು ಚಿನ್ನದ ಬೆಲೆಯ ಶೇ 75ರ ಬದಲು ಶೇ 90ರವರೆಗೆ ಸಾಲ ಕೊಡಬಹುದೆಂದು ರಿಸರ್ವ್ ಬ್ಯಾಂಕ್ ಅದೇ ತಿಂಗಳು ಅವಕಾಶ ಮಾಡಿತು. 55 ಸಾವಿರಕ್ಕೆ 49,500 ರೂಪಾಯಿ ಸಾಲ. ಮುಂದಿನ ಮಾರ್ಚ್ ಹೊತ್ತಿಗೆ ಬೆಲೆ 45 ಸಾವಿರದ ಆಸುಪಾಸಿಗೆ ಇಳಿದಾಗ, ಅಡವಿಟ್ಟ ಒಡವೆಗಿಂತ ಅದರ ಮೇಲಿನ ಸಾಲವೇ ದೊಡ್ಡದಾಯಿತು. ಹೆಚ್ಚು ಸಾಲ ಕೊಡುತ್ತೇವೆಂದವರ ಮಾತು ಕೇಳಿ ಪೂರ್ತಿ ಮೊತ್ತ ಎತ್ತಿಕೊಂಡವರು ಇಕ್ಕಟ್ಟಿಗೆ ಸಿಕ್ಕಿದರು. ಚಿನ್ನವನ್ನು ಅಡವಿಡಲೇಬೇಕಾದಾಗ, ಕೊಡುವಷ್ಟನ್ನಲ್ಲ, ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು.

ತಮ್ಮನಿಗಾದರೂ ಅಕ್ಕ ಇದ್ದಳು. ಅವನ ಜೊತೆ ಕಂಬ ನೆಡುವ, ಪಾತ್ರೆ ತೊಳೆಯುವ, ಪಂಕ್ತಿಯಲ್ಲಿ ಬಡಿಸುವವರಿಗೆ ಆವತ್ತಿನ ಕೂಲಿ ಆವತ್ತಿಗೆ. 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿ ಪರಿಹಾರ ಘೋಷಿಸಿತು. ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಎಂದಿತು. ಹೂ ಬೆಳೆಗಾರರ ಹೆಸರಿತ್ತು, ನೇಕಾರರ ಹೆಸರಿತ್ತು. ಮದುವೆ ಮನೆಯ ಕೂಲಿಯವರ ಹೆಸರಿರಲಿಲ್ಲ. ಅವರನ್ನು ಆ ತಿಂಗಳುಗಳಲ್ಲಿ ಉಳಿಸಿದ್ದು ಪಡಿತರದ ಅಕ್ಕಿ ಮತ್ತು ಓಣಿಯ ಕಿರಾಣಿ ಅಂಗಡಿಯ ಉದ್ರಿ. ಆ ಅಂಗಡಿಯವರಿಗೆ ಬಾಕಿ ಎಷ್ಟು ಬಂತು, ಎಷ್ಟು ಮುಳುಗಿತು ಎಂಬುದು ಯಾವ ಪ್ಯಾಕೇಜಿನ ಲೆಕ್ಕಕ್ಕೂ ಬರಲಿಲ್ಲ.

ಇದರಿಂದ ನಾನು ಖಚಿತವಾಗಿ ಹೇಳಬಲ್ಲ ಮಾತು ಇಷ್ಟು. ಆಪತ್ತಿನ ಹಣವನ್ನು ತಿಂಗಳಿನಿಂದ ಅಳೆಯಬೇಡಿ, ನಿಮ್ಮ ದುಡಿಮೆಯ ಸುತ್ತಿನಿಂದ ಅಳೆಯಿರಿ. ಸಂಬಳದವರಿಗೆ ಆರು ತಿಂಗಳು ಸಾಕಾಗಬಹುದು. ಶಾಮಿಯಾನದವರು, ಅಡುಗೆಯವರು, ಫೋಟೊಗ್ರಾಫರ್‌ಗಳು, ವಾಲಗದವರು, ಯಕ್ಷಗಾನ ಮೇಳದ ಕಲಾವಿದರು, ಪ್ರವಾಸದ ಗಾಡಿ ಓಡಿಸುವವರು ಒಂದು ಸೀಸನ್ ತಪ್ಪಿದರೆ ಮುಂದಿನದಕ್ಕೆ ಒಂದು ವರ್ಷ ಕಾಯಬೇಕು. ಅವರಿಗೆ ಬೇಕಾದದ್ದು ವರ್ಷದ ಅಕ್ಕಿ-ಬೇಳೆ, ಬಾಡಿಗೆ, ಶಾಲೆಯ ಫೀಸು ಮತ್ತು ಸಾಲದ ಬಡ್ಡಿಯಷ್ಟು ಹಣ. ಒಂದೇ ಸಲಕ್ಕೆ ಆಗದು. ಪ್ರತಿ ಆರ್ಡರಿನ ಹಣ ಬಂದ ದಿನವೇ ಒಂದು ಪಾಲು ತೆಗೆದಿಡಿ. ದೊಡ್ಡದೊಂದು ಎಫ್‌ಡಿ ಬದಲು ಸಣ್ಣ ಸಣ್ಣ ಎಫ್‌ಡಿ ಮಾಡಿಸಿ, ಒಂದನ್ನು ಮುರಿದರೂ ಉಳಿದವು ಬಡ್ಡಿ ದುಡಿಯುತ್ತಿರುತ್ತವೆ.

ಕಂತಿಗೆ ವಿನಾಯಿತಿ ಎಂದು ಮುಂದೆ ಯಾವಾಗಲಾದರೂ ಮೆಸೇಜ್ ಬಂದರೆ, ಒಟ್ಟು ಎಷ್ಟು ಕಂತು ಹೆಚ್ಚಾಗುತ್ತದೆ ಎಂದು ಬ್ಯಾಂಕಿನಲ್ಲಿ ಬರವಣಿಗೆಯಲ್ಲಿ ಕೇಳಿ. ಆದಷ್ಟು ಬಡ್ಡಿಯನ್ನಾದರೂ ತುಂಬಿ.

ನಿಮ್ಮ ಕೈಕೆಳಗೆ ದಿನಗೂಲಿಯವರು ದುಡಿಯುತ್ತಿದ್ದರೆ ಇನ್ನೊಂದು ಕೆಲಸ ಮಾಡಿ. ಅಸಂಘಟಿತ ಕಾರ್ಮಿಕರಿಗೆಂದು 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸುವುದು ಉಚಿತ. ಆಧಾರ್, ಮೊಬೈಲ್, ಬ್ಯಾಂಕ್ ಖಾತೆ ಇದ್ದರೆ ಆಯಿತು. ಪಟ್ಟಿಯಲ್ಲಿ ಹೆಸರಿದ್ದವರೆಲ್ಲರಿಗೂ ಪರಿಹಾರ ಸಿಕ್ಕೇ ಸಿಗುತ್ತದೆಂದಲ್ಲ, ಆದರೆ ಯಾವ ಪಟ್ಟಿಯಲ್ಲೂ ಇಲ್ಲದವರನ್ನು ಕಷ್ಟಕಾಲದಲ್ಲಿ ಸರ್ಕಾರ ಹುಡುಕಿಕೊಂಡು ಬರುವುದಿಲ್ಲ. ಮುಂದಿನ ಸೀಸನ್ ಶುರುವಾಗುವ ಮುಂಚೆ ಅವರನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ.