ನೆಂಟರೊಳಗಣ ವಿವಾಹವೂ ವಂಶಾವಳಿಯೂ

ಮತ್ತಾಯನ ಸುವಾರ್ತೆಯ 1ನೆಯ ಅಧ್ಯಾಯವನ್ನೂ ಲೂಕನ ಸುವಾರ್ತೆಯ 3ನೆಯ ಅಧ್ಯಾಯವನ್ನೂ ಒಟ್ಟಿಗೆ ಇಟ್ಟು ಓದಿದವರಿಗೆ ಒಂದು ಸಂದೇಹ ಹುಟ್ಟದಿರದು. ಮರಿಯಳ ಗಂಡನಾದ ಯೋಸೇಫನ ತಂದೆ ಯಾರು? ಯಾಕೋಬನೆಂದು ಮತ್ತಾಯನೂ ಹೇಲಿಯೆಂದು ಲೂಕನೂ ಬರೆದಿದ್ದಾರೆ. ನೆರೆಯವರು ಈ ಪ್ರಶ್ನೆಯನ್ನು ಕೇಳಿದಾಗ ತಲೆ ತಗ್ಗಿಸಿ ಸುಮ್ಮನಾಗುವವರು ನಮ್ಮಲ್ಲಿ ಬಹಳ ಮಂದಿ ಉಂಟು.

ಇದಕ್ಕೆ ಬಹು ಹಳೆಯ ಉತ್ತರವೊಂದಿದೆ. ಕ್ರಿ. ಶ. 3ನೆಯ ಶತಮಾನದ ಯೂಲಿಯ ಆಫ್ರಿಕಾನನೆಂಬ ಪಂಡಿತನು ಬರೆದದ್ದನ್ನು ಸಭಾಚರಿತ್ರೆಗಾರನಾದ ಯುಸೇಬಿಯನು ತನ್ನ ಗ್ರಂಥದಲ್ಲಿ ಉಳಿಸಿಟ್ಟಿದ್ದಾನೆ. ಹೇಗಂದರೆ, ಎಸ್ತಾ ಎಂಬಾಕೆಯು ಸೊಲೊಮೋನನ ಸಂತತಿಯ ಮತ್ಥಾನನಿಗೆ ಹೆಂಡತಿಯಾಗಿ ಯಾಕೋಬನನ್ನು ಹೆತ್ತಳು. ಗಂಡನು ಸತ್ತ ಮೇಲೆ ನಾತಾನನ ಸಂತತಿಯ ಮೆಲ್ಖಿಯನ್ನು ಮದುವೆಯಾಗಿ ಹೇಲಿಯನ್ನು ಹೆತ್ತಳು. ಹೇಲಿಯು ಮಕ್ಕಳಿಲ್ಲದೆ ಸಾಯಲು, ಅವನ ವಿಧವೆಯನ್ನು ಯಾಕೋಬನು ಪರಿಗ್ರಹಿಸಿ ಯೋಸೇಫನನ್ನು ಪಡೆದನು. ಆದದರಿಂದ ಯೋಸೇಫನು ಹುಟ್ಟಿನಿಂದ ಯಾಕೋಬನ ಮಗನು, ಧರ್ಮಶಾಸ್ತ್ರದಿಂದ ಹೇಲಿಯ ಮಗನು. ಸತ್ತವನ ಹೆಸರು ಅಳಿಯಬಾರದೆಂದು ಧರ್ಮೋಪದೇಶಕಾಂಡ 25ರಲ್ಲಿ ವಿಧಿಸಿದ ಮೈದುನಧರ್ಮವು ಇದೇ. ಲೂಕನ ಪಟ್ಟಿಯಲ್ಲಿ ಮೆಲ್ಖಿಗೂ ಹೇಲಿಗೂ ನಡುವೆ ಇನ್ನಿಬ್ಬರ ಹೆಸರುಗಳಿರುವದರಿಂದ ಈ ಉತ್ತರವನ್ನು ಎಲ್ಲರೂ ಒಪ್ಪುವದಿಲ್ಲ. ಆದರೂ ವಂಶಾವಳಿಯೆಂಬದು ರಕ್ತದ ಲೆಕ್ಕ ಮಾತ್ರವಲ್ಲ, ವಿವಾಹಧರ್ಮದ ಲೆಕ್ಕವೂ ಹೌದೆಂಬದನ್ನು ಆ ಪಂಡಿತನು ಚೆನ್ನಾಗಿ ಕಂಡಿದ್ದನು.

ಯಾಜಕಕಾಂಡದ 18 ಮತ್ತು 20ನೆಯ ಅಧ್ಯಾಯಗಳಾದರೋ ಸಹೋದರನ ಹೆಂಡತಿಯನ್ನು ಕೂಡಬಾರದೆಂದು ನಿಷೇಧಿಸುತ್ತವೆ. ಇವೆರಡರ ನಡುವಣ ತೊಡಕಿನಲ್ಲಿಯೇ ಇಂಗ್ಲೆಂಡಿನ 8ನೆಯ ಹೆನ್ರಿಯ ವ್ಯಾಜ್ಯವು ಹುಟ್ಟಿತು. ಅವನು 1509ರಲ್ಲಿ ಪೋಪನ ವಿಶೇಷ ಅಪ್ಪಣೆಯಿಂದ ತನ್ನ ಮೃತ ಅಣ್ಣನ ವಿಧವೆಯಾದ ಕ್ಯಾಥರೀನಳನ್ನು ಮದುವೆಯಾದನು. 1533ರಲ್ಲಿ ಆ ವಿವಾಹವು ರದ್ದಾಯಿತು. ಅರಸನ ಮನಸ್ಸಾಕ್ಷಿ ಎಷ್ಟು, ಮನಸ್ಸಿನ ಆಸೆ ಎಷ್ಟು ಎಂಬದನ್ನು ಇಲ್ಲಿ ವಿಚಾರಿಸುವದು ಬೇಡ.

1563ರಲ್ಲಿ ಆರ್ಚ್‌ಬಿಷಪ್ ಪಾರ್ಕರನು ನಿಷಿದ್ಧ ಸಂಬಂಧಗಳ ಪಟ್ಟಿಯೊಂದನ್ನು ಹೊರಡಿಸಿದನು. ಪುರುಷನಿಗೆ 30, ಸ್ತ್ರೀಗೆ 30. ಇದನ್ನು ದೇವಾಲಯಗಳ ಗೋಡೆಗೆ ತೂಗಹಾಕುತ್ತಿದ್ದರು. ಗಂಡಹೆಂಡರು ಒಂದೇ ಶರೀರವಾದದರಿಂದ ಹೆಂಡತಿಯ ಅಕ್ಕತಂಗಿಯರು ಗಂಡನಿಗೂ ಅಕ್ಕತಂಗಿಯರೇ ಎಂಬದು ಅದರ ಆಧಾರವಾಗಿತ್ತು. ಆದರೆ ಯಾಜಕಕಾಂಡ 18:18 ಹೆಂಡತಿಯು ಜೀವದಿಂದಿರುವಾಗ ಅವಳ ತಂಗಿಯನ್ನು ತರಬಾರದೆಂದಷ್ಟೇ ಹೇಳುತ್ತದಲ್ಲಾ, ಸತ್ತ ಮೇಲೆ ಏನು? ಈ ಒಂದು ವಚನದ ಮೇಲೆ ಆ ದೇಶದವರು ತಲೆತಲಾಂತರದಿಂದ ವಾದಿಸಿದರು.

1835ರ ತನಕ ಇಂಥ ವಿವಾಹವನ್ನು ಸಭಾನ್ಯಾಯಾಲಯವು ದಂಪತಿಗಳಿಬ್ಬರೂ ಬದುಕಿರುವಾಗ ಮಾತ್ರ ರದ್ದು ಮಾಡಬಹುದಾಗಿತ್ತು. ಒಬ್ಬರು ತೀರಿಹೋದರೆ ಮಕ್ಕಳು ನ್ಯಾಯಸಮ್ಮತರಾಗಿ ಉಳಿಯುತ್ತಿದ್ದರು. ಬೋಫರ್ಟಿನ ಡ್ಯೂಕನು 1822ರಲ್ಲಿ ಮೃತ ಹೆಂಡತಿಯ ಮಲತಂಗಿಯನ್ನು ಮದುವೆಯಾಗಿದ್ದನು. ಅಂಥ ದೊಡ್ಡ ಮನೆತನದ ಉತ್ತರಾಧಿಕಾರಕ್ಕೆ ಭಯ ಬಾರದಿರಲೆಂದು ಲಾರ್ಡ್ ಲಿಂಡ್‌ಹರ್ಸ್ಟನು 1835ರಲ್ಲಿ ಕಾನೂನನ್ನು ತಂದನು. ಆಗಲೇ ಆಗಿದ್ದ ವಿವಾಹಗಳು ಸ್ಥಿರವಾದವು. ಮುಂದೆ ಆಗುವವುಗಳು ಮೂಲದಿಂದಲೇ ಇಲ್ಲದವುಗಳಾದವು. ಸಿರಿವಂತನ ಮನೆ ಉಳಿಯಿತು. ಬಡವನ ಗುಡಿಸಲಲ್ಲಿ ತಾಯಿಯಿಲ್ಲದ ಕೂಸುಗಳನ್ನು ಸಾಕಲು ಬಂದ ಚಿಕ್ಕಮ್ಮನು ಹೆಂಡತಿಯಾಗುವ ದಾರಿ ಮುಚ್ಚಿತು. ಹೆಂಡತಿ ಸತ್ತರೆ ಅವಳ ತಂಗಿಯನ್ನೇ ತರುವದು ಮಕ್ಕಳಿಗೆ ಹಿತವೆಂದು ನಮ್ಮ ಊರುಗಳಲ್ಲಿ ಹಿರಿಯರು ಎಣಿಸಿದವರೇ. ಆದದರಿಂದ ಆ ಜನರ ಸಂಕಟವು ನಮಗೆ ತಿಳಿಯದ್ದಲ್ಲ.

ಕೈಯಲ್ಲಿ ಹಣವಿದ್ದವರು ಪರದೇಶಕ್ಕೆ ಹೋದರು. ಚಿತ್ರಗಾರನಾದ ಹೋಲ್ಮನ್ ಹಂಟನು 1875ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿಯೂ, ಜಾನ್ ಕಾಲಿಯರನು 1889ರಲ್ಲಿ ನಾರ್ವೆಯಲ್ಲಿಯೂ ಮೃತ ಹೆಂಡತಿಯರ ತಂಗಿಯರನ್ನು ವರಿಸಿದರು. ಆದರೆ ಡೆನ್ಮಾರ್ಕಿನಲ್ಲಿ ನಡೆದ ಇಂಥ ಒಂದು ಮದುವೆಯು ಇಂಗ್ಲೆಂಡಿನ ನಿವಾಸಿಗಳಿಗೆ ಸಲ್ಲದೆಂದು 1861ರಲ್ಲಿ ಪ್ರಭುಸಭೆಯು ತೀರ್ಪು ಕೊಟ್ಟಿತ್ತು. ಆ ಮಕ್ಕಳು ತಂದೆಯ ಮನೆಯಲ್ಲಿ ಬೆಳೆದರೂ ಕಾನೂನಿನ ಕಣ್ಣಿಗೆ ತಂದೆಯಿಲ್ಲದವರೇ. ಬಹು ವರುಷಗಳ ವಾಗ್ವಾದದ ನಂತರ 1907ರಲ್ಲಿ ಮೃತ ಹೆಂಡತಿಯ ಸಹೋದರಿಯನ್ನೂ, 1921ರಲ್ಲಿ ಮೃತ ಸಹೋದರನ ವಿಧವೆಯನ್ನೂ ಮದುವೆಯಾಗಲು ಅಲ್ಲಿ ಅನುಮತಿ ದೊರೆಯಿತು. ಒಪ್ಪದ ಬೋಧಕನು 1907ರ ಕಾನೂನಿನ ಮೇರೆಗೆ ವಿವಾಹ ನಡಿಸದಿರಬಹುದಾಗಿತ್ತು.

ವಂಶವನ್ನು ಹುಡುಕುವವನು ಇದನ್ನೆಲ್ಲಾ ತಿಳಿದಿರಬೇಕು. ಇಂಗ್ಲೆಂಡಿನಲ್ಲಿ 1538ರಿಂದ ಸಭಾದಾಖಲೆಗಳೂ 1837ರಿಂದ ಸರಕಾರಿ ದಾಖಲೆಗಳೂ ಉಂಟು. ಜನನದ ದಾಖಲೆಯಲ್ಲಿ ತಾಯಿಯ ತವರಿನ ಮನೆತನದ ಹೆಸರು ಒಂದೇ ಆಗಿದ್ದರೆ ಒಬ್ಬಳೇ ತಾಯಿಯೆಂದು ತೀರ್ಮಾನಿಸುವದು ಸುಲಭ. ಆದರೆ ಅವರು ಅಕ್ಕತಂಗಿಯರಾಗಿರಬಹುದು. ಅವಳ ಸ್ವಂತ ಹೆಸರನ್ನೂ, ಮೊದಲಿನವಳ ಸಮಾಧಿಯ ದಾಖಲೆಯನ್ನೂ ನೋಡದೆ ಬರೆಯಬಾರದು. ಮಾತುಗಳೂ ಮೋಸಮಾಡುತ್ತವೆ. ನಾವು ಅತ್ತಿಗೆ, ನಾದಿನಿ, ಓರಗಿತ್ತಿ ಎಂದು ವಿಂಗಡಿಸಿ ಕರೆಯುವವರಿಗೆಲ್ಲಾ ಆಂಗ್ಲರಲ್ಲಿ ಒಂದೇ ಹೆಸರು. ಹಳೆಯ ಪತ್ರಗಳಲ್ಲಿ ಅಳಿಯನೆಂಬ ಅರ್ಥದ ಮಾತು ಎಷ್ಟೋ ಸಲ ಮಲಮಗನನ್ನು ಸೂಚಿಸುತ್ತದೆ. ಎಲ್ಲಕ್ಕಿಂತ ಮೊದಲು ವಿವಾಹದ ತಾರೀಖನ್ನು ನೋಡಬೇಕು. ಲೇಖಕಿ ಜೇನ್ ಆಸ್ಟೆನಳ ತಮ್ಮನಾದ ಚಾರ್ಲ್ಸನು 1820ರಲ್ಲಿ ಮೃತ ಹೆಂಡತಿಯ ಅಕ್ಕತಂಗಿಯರಲ್ಲಿ ಒಬ್ಬಳನ್ನು ಮದುವೆಯಾದನು, ಅದು ನಿಂತಿತು. ಅದೇ ಕೆಲಸವನ್ನು 1840ರಲ್ಲಿ ಮಾಡಿದವನ ಮಕ್ಕಳಿಗೆ ತಂದೆಯ ಹೆಸರೂ ಕಾನೂನಿನಲ್ಲಿ ಸಿಕ್ಕಲಿಲ್ಲ.