ಹಾಲಿನ ಚೀಟಿಯಿಂದ ಸಂಶೋಧನಾ ಲೇಖನದವರೆಗೆ



ನಿಮ್ಮಲ್ಲಿ ಹಲವರ ಮನೆಯಲ್ಲಿ ಹೈನು ಇದೆ. ಬೆಳಿಗ್ಗೆ ಊರಿನ ಡೇರಿಗೆ ಹಾಲು ಹಾಕಿ, ಅಲ್ಲಿಂದಲೇ ಬಸ್ ಹಿಡಿದು ಕಾಲೇಜಿಗೆ ಬರುವವರೂ ಇದ್ದೀರಿ. ಡೇರಿಯಲ್ಲಿ ಕೊಡುವ ಚೀಟಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ದರ ಎಷ್ಟು ಎಂದು ಅದರಲ್ಲಿ ಇರುತ್ತದೆ. ಫ್ಯಾಟ್ ಎಂದರೆ ಹಾಲಿನ ಕೊಬ್ಬು. ಎಸ್‌ಎನ್‌ಎಫ್ ಎಂದರೆ ಕೊಬ್ಬು ಬಿಟ್ಟು ಉಳಿದ ಘನಪದಾರ್ಥ, ಅಂದರೆ ಪ್ರೋಟೀನ್, ಲ್ಯಾಕ್ಟೋಸ್, ಖನಿಜಾಂಶ. ಮನೆಗೆ ಬರುವ ಹಣ ನಿಂತಿರುವುದು ಈ ಅಂಕಿಗಳ ಮೇಲೆ.

ಹಾಗಾದರೆ ಈ ಅಂಕಿಗಳನ್ನು ಹಾಲು ಹಾಕುವವರೂ ಕೊಳ್ಳುವವರೂ ಯಾಕೆ ನಂಬುತ್ತಾರೆ? ಹಾಲನ್ನು ಅಳೆಯುವ ವಿಧಾನವನ್ನು ಕಂಡುಹಿಡಿದವರು ಅದನ್ನು ಮುಚ್ಚಿಡಲಿಲ್ಲ. ಯಾರು ಬೇಕಾದರೂ ಮಾಡಿ ನೋಡುವಂತೆ ಬರೆದು ಪ್ರಕಟಿಸಿದರು. ಹೈನು ವಿಜ್ಞಾನದಲ್ಲಿ ಸಂಶೋಧನೆ ಹೇಗೆ ಪ್ರಕಟವಾಗುತ್ತದೆ, ಅದಕ್ಕೂ ನಿಮ್ಮ ಪ್ರಾಕ್ಟಿಕಲ್ ರೆಕಾರ್ಡಿಗೂ ಏನು ಸಂಬಂಧ ಎಂಬುದೇ ಈ ಸಲದ ಪಾಠ.

ಲ್ಯಾಕ್ಟೋಮೀಟರ್ ಒಂದೇ ಏಕೆ ಸಾಲದು?

ಲ್ಯಾಕ್ಟೋಮೀಟರ್ ಅಳೆಯುವುದು ಹಾಲಿನ ಸಾಂದ್ರತೆಯನ್ನು. ಅದು 28 ತೋರಿಸಿದರೆ ಹಾಲಿನ ಸಾಪೇಕ್ಷ ಸಾಂದ್ರತೆ 1.028 ಎಂದರ್ಥ. ಅಂಥ 90 ಮಿ.ಲೀ. ಹಾಲಿಗೆ 10 ಮಿ.ಲೀ. ನೀರು ಸೇರಿಸಿದರೆ ಅಂಕಿ ಸುಮಾರು 25ಕ್ಕೆ ಇಳಿಯುತ್ತದೆ. ನೀರು ಬೆರೆಸಿದ್ದು ಗೊತ್ತಾಗುತ್ತದೆ. ಇಲ್ಲಿಯವರೆಗೆ ಸರಿ.

ಆದರೆ ಕೊಬ್ಬು ನೀರಿಗಿಂತ ಹಗುರ. ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ. ಪೂರ್ತಿ ಕೆನೆ ತೆಗೆದ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಸುಮಾರು 35 ತೋರಿಸುತ್ತದೆ. ಅಂಥ 80 ಮಿ.ಲೀ. ಹಾಲಿಗೆ 20 ಮಿ.ಲೀ. ನೀರು ಹಾಕಿದರೆ ಏನಾಗುತ್ತದೆ? ಲೆಕ್ಕ ಮಾಡಿ. 35ರಲ್ಲಿ 80 ಪಾಲು ಎಂದರೆ 28! ಕೆನೆಯೂ ಹೋಯಿತು, ನೀರೂ ಸೇರಿತು, ಲ್ಯಾಕ್ಟೋಮೀಟರ್ ಮಾತ್ರ ಹಾಲು ಚೆನ್ನಾಗಿದೆ ಎನ್ನುತ್ತದೆ. ಆದ್ದರಿಂದ ಕೊಬ್ಬನ್ನು ಬೇರೆಯಾಗಿಯೇ ಅಳೆಯಬೇಕು.

ಒಂದು ಹಸು ಬಾಕಿ ಇತ್ತು

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಇದೇ ತಕರಾರು ಇತ್ತು. ಬೆಣ್ಣೆ, ಚೀಸ್ ಮಾಡುವ ಕಾರ್ಖಾನೆಗಳು ಹಾಲನ್ನು ತೂಕದ ಮೇಲೆ ಕೊಳ್ಳುತ್ತಿದ್ದವು. ನೀರು ಬೆರೆಸಿದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದರ. ಅಲ್ಲಿನ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಸ್ಟೀಫನ್ ಬ್ಯಾಬ್‌ಕಾಕ್ ಒಂದು ಸರಳ ಪರೀಕ್ಷೆ ಹುಡುಕಲು ಹೊರಟರು.

ಹೈನು ವಿಜ್ಞಾನದ ಇತಿಹಾಸ ಬರೆದವರು ಒಂದು ಸಂಗತಿ ಹೇಳುತ್ತಾರೆ. ಬ್ಯಾಬ್‌ಕಾಕ್ ಅವರ ಮೊದಲ ವಿಧಾನ ವಿಶ್ವವಿದ್ಯಾಲಯದ ಎಲ್ಲ ಹಸುಗಳ ಹಾಲಿಗೂ ಸರಿಹೋಯಿತು, ಒಂದೇ ಒಂದು ಹಸುವಿನ ಹಾಲಿಗೆ ಹೋಗಲಿಲ್ಲ. ಇಷ್ಟು ಸಾಕು, ಪ್ರಕಟಿಸೋಣ ಎಂದು ಮೇಲಧಿಕಾರಿ ಒತ್ತಾಯ ಮಾಡಿದರೂ ಅವರು ಒಪ್ಪಲಿಲ್ಲ. ಮತ್ತೆ ಮೊದಲಿನಿಂದ ಕೆಲಸ ಹಿಡಿದರು. ಹಾಲಿಗೆ ಗಂಧಕಾಮ್ಲ ಸೇರಿಸಿದರೆ ಅದು ಪ್ರೋಟೀನನ್ನು ಕರಗಿಸಿ ಕೊಬ್ಬನ್ನು ಬಿಡಿಸುತ್ತದೆ. ಸೀಸೆಯನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಹಗುರವಾದ ಕೊಬ್ಬು ಸೀಸೆಯ ಕತ್ತಿಗೆ ಬಂದು ನಿಲ್ಲುತ್ತದೆ. ಕತ್ತಿನ ಮೇಲಿನ ಗೆರೆಗಳಲ್ಲಿ ಶೇಕಡಾವಾರನ್ನು ನೇರವಾಗಿ ಓದಬಹುದು.

1890ರ ಜುಲೈನಲ್ಲಿ ಅವರು ಈ ವಿಧಾನವನ್ನು ಕೃಷಿ ಪ್ರಯೋಗ ಕೇಂದ್ರದ 24ನೇ ಪ್ರಕಟಣೆಯಲ್ಲಿ ಪೂರ್ತಿಯಾಗಿ ಬರೆದರು. ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಓದಿ ಪರೀಕ್ಷೆ ಮಾಡಬಹುದಾಗಿತ್ತು. ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಇಂಥದ್ದೇ ಇನ್ನೊಂದು ವಿಧಾನ ರೂಪಿಸಿದರು. ನಮ್ಮ ದೇಶದ ಡೇರಿ ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಾದದ್ದು ಗರ್ಬರ್ ವಿಧಾನವೇ. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಎಂಬ ಅಳತೆಯನ್ನು ಹೈನು ವಿಜ್ಞಾನ ಓದುವವರೆಲ್ಲ ಬಾಯಿಪಾಠ ಮಾಡಿರುತ್ತಾರೆ. ಇಂದು ಡೇರಿಗಳಲ್ಲಿ ಎಲೆಕ್ಟ್ರಾನಿಕ್ ಯಂತ್ರ ಬಂದಿದೆ. ಆ ಯಂತ್ರ ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡಲು ಈಗಲೂ ಗರ್ಬರ್‌ನಂಥ ರಾಸಾಯನಿಕ ಪರೀಕ್ಷೆಯ ಅಂಕಿಯೊಂದಿಗೇ ಹೋಲಿಸುತ್ತಾರೆ.

ಹಾಲಿನಿಂದ ಬ್ಯಾಡಗಿ ಮೆಣಸಿನಕಾಯಿಗೆ

ಪ್ರಕಟವಾದ ವಿಧಾನ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಬರೆದವರೂ ಊಹಿಸಲಾರರು. 1879ರಲ್ಲಿ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಎಂಬ ವಿಜ್ಞಾನಿ ಹಾಲಿನ ಕೊಬ್ಬನ್ನು ಅಳೆಯಲೆಂದೇ ಒಂದು ಗಾಜಿನ ಉಪಕರಣ ಮಾಡಿ, ಅದರ ವಿವರವನ್ನು ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ದ್ರಾವಕ ಕುದಿದು ಆವಿಯಾಗಿ, ಮೇಲೆ ತಣಿದು, ಮಾದರಿಯ ಮೇಲೆ ಹನಿಯಾಗಿ ಬಿದ್ದು, ಕೊಬ್ಬನ್ನು ಕರಗಿಸಿಕೊಂಡು ಮತ್ತೆ ಕೆಳಗೆ ಇಳಿಯುತ್ತದೆ. ಹೀಗೆ ಹಲವು ಸುತ್ತು ನಡೆಯುತ್ತದೆ.

ಇವತ್ತು ಮೆಣಸಿನಕಾಯಿಯಲ್ಲಿ ಓಲಿಯೋರೆಸಿನ್ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ನೋಡಲು ಇದೇ ಸಾಕ್ಸ್‌ಲೆಟ್ ಉಪಕರಣವನ್ನು ಬಳಸುತ್ತಾರೆ. ಬಣ್ಣಕ್ಕೆ ಹೆಸರಾದ, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ ಹಾಲಿಗೂ ಹೀಗೊಂದು ನಂಟು!

ನಮ್ಮ ನಾಡಿನ ಹೈನು ಸಂಶೋಧನೆ

ಹೈನು ಸಂಶೋಧನೆಗೆ ಕರ್ನಾಟಕ ಹೊಸದಲ್ಲ. 1923ರಲ್ಲಿ ಬೆಂಗಳೂರಿನಲ್ಲಿ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ದನಗಳ ಸಾಕಣೆಯ ವಿಷಯ ತಿಳಿದುಕೊಂಡಿದ್ದರು. ಅದೇ ಮುಂದೆ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಗಿ 1955ರಲ್ಲಿ ಹರಿಯಾಣದ ಕರ್ನಾಲ್‌ಗೆ ಹೋಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಉಳಿಯಿತು. 1948ರಲ್ಲಿ ಭಾರತೀಯ ಡೇರಿ ಸಂಘ ಸ್ಥಾಪನೆಯಾಯಿತು. ಆ ವರ್ಷವೇ ಶುರುವಾದ ‘ಇಂಡಿಯನ್ ಜರ್ನಲ್ ಆಫ್ ಡೇರಿ ಸೈನ್ಸ್’ ನಮ್ಮ ದೇಶದ ಹೈನು ಸಂಶೋಧನೆಗೆ ಮುಖ್ಯ ಪತ್ರಿಕೆ. ಅಮೆರಿಕದ ‘ಜರ್ನಲ್ ಆಫ್ ಡೇರಿ ಸೈನ್ಸ್’ 1917ರಿಂದ ಬರುತ್ತಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ತನ್ನದೇ ಸಂಶೋಧನಾ ಪತ್ರಿಕೆ ಹೊರತರುತ್ತದೆ. ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ಕಾಲೇಜು ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ವಿದೇಶದವರು ಬರೆದದ್ದೇ ಸಾಕಲ್ಲವೇ, ನಾವು ಬೇರೆ ಯಾಕೆ ಬರೆಯಬೇಕು ಎಂದು ಕೇಳಬಹುದು. ಯುರೋಪಿನವರ ಅನುಭವ ಹಸುವಿನ ಹಾಲಿನದು. ಎಮ್ಮೆಯ ಹಾಲನ್ನು ಪುಡಿ ಮಾಡಲು ಬರುವುದಿಲ್ಲ ಎಂದು ಪರಿಣತರು ಹೇಳುತ್ತಿದ್ದ ಕಾಲದಲ್ಲಿ ಗುಜರಾತಿನ ಆನಂದ್‌ನಲ್ಲಿ ಎಚ್.ಎಂ. ದಲಾಯಾ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಅಲ್ಲಿ ಎಮ್ಮೆ ಹಾಲಿನ ಪುಡಿಯ ಕಾರ್ಖಾನೆಯೇ ನಡೆಯಿತು.

ಹತ್ತಿರದ ಉದಾಹರಣೆ ಬೇಕೆಂದರೆ ಧಾರವಾಡಿ ಎಮ್ಮೆಯನ್ನು ನೋಡಿ. ನಮ್ಮ ಹಾವೇರಿ ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕದ ಮನೆಮನೆಯಲ್ಲಿ ತಲೆತಲಾಂತರದಿಂದ ಇದ್ದ ಎಮ್ಮೆ ಇದು. ಧಾರವಾಡ ಪೇಡೆಯ ಹಿಂದೆ ಇರುವುದು ಇದರ ಹಾಲು. ಆದರೂ ಕೆಲವು ವರ್ಷಗಳ ಹಿಂದಿನವರೆಗೆ ಸರ್ಕಾರದ ಕಡತದಲ್ಲಿ ಇದು ಒಂದು ತಳಿಯೇ ಆಗಿರಲಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದರ ಮೈಕಟ್ಟು, ಕೊಂಬು, ಹಾಲಿನ ಪ್ರಮಾಣ ಎಲ್ಲವನ್ನೂ ಅಧ್ಯಯನ ಮಾಡಿ ದಾಖಲಿಸಿದ ಮೇಲೆ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ತಳಿ ಎಂದು ನೋಂದಾಯಿಸಿತು. ನಮ್ಮ ಹಿತ್ತಲಲ್ಲಿ ಕಟ್ಟಿದ ಎಮ್ಮೆಗೂ ಬರೆದವರಿದ್ದರೆ ಮಾತ್ರ ದೇಶದ ಪಟ್ಟಿಯಲ್ಲಿ ಹೆಸರು.

ಲೇಖನದ ಅಂಗಗಳು

ಸಂಶೋಧನಾ ಲೇಖನಕ್ಕೆ ಒಂದು ಗೊತ್ತಾದ ಅಚ್ಚು ಇದೆ. ನಿಮ್ಮ ರೆಕಾರ್ಡ್ ಪುಸ್ತಕ ಅದರ ಚಿಕ್ಕ ರೂಪ.

1. ಶೀರ್ಷಿಕೆ: ಏನನ್ನು, ಯಾವುದರ ಮೇಲೆ ಅಧ್ಯಯನ ಮಾಡಿದ್ದು ಎಂದು ನೇರವಾಗಿ ತಿಳಿಸಬೇಕು.

2. ಸಾರಾಂಶ: ಇಡೀ ಲೇಖನ ಒಂದು ಪ್ಯಾರಾದಲ್ಲಿ.

3. ಪೀಠಿಕೆ: ಹಿಂದಿನವರು ಏನು ಮಾಡಿದ್ದಾರೆ, ಉಳಿದ ಪ್ರಶ್ನೆ ಯಾವುದು.

4. ಸಾಮಗ್ರಿ ಮತ್ತು ವಿಧಾನ: ಹಾಲು ಯಾವ ಪಶುವಿನದು, ಯಾವ ಹೊತ್ತಿನದು, ಉಷ್ಣತೆ ಎಷ್ಟು, ಎಷ್ಟು ಸಲ ಅಳೆದಿರಿ. ಇದನ್ನು ಓದಿ ಇನ್ನೊಬ್ಬರು ಅದೇ ಪ್ರಯೋಗ ಮಾಡಲು ಬರಬೇಕು.

5. ಫಲಿತಾಂಶ: ಕಂಡ ಅಂಕಿಗಳು, ಕೋಷ್ಟಕ, ನಕ್ಷೆ. ಇಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ.

6. ಚರ್ಚೆ: ಆ ಅಂಕಿಗಳ ಅರ್ಥವೇನು, ಎಲ್ಲಿ ಸಂಶಯ ಉಳಿದಿದೆ.

7. ಆಧಾರಗಳು: ಯಾರ ಕೆಲಸದಿಂದ ಏನು ಪಡೆದಿರಿ ಎಂಬ ಪಟ್ಟಿ. ಇನ್ನೊಬ್ಬರದನ್ನು ಹೆಸರು ಹೇಳದೆ ತೆಗೆದುಕೊಂಡರೆ ಅದು ಕೃತಿಚೌರ್ಯ.

ಬರೆದ ಮೇಲೆ ಏನಾಗುತ್ತದೆ?

ಲೇಖನ ಮೊದಲು ಸಂಪಾದಕರ ಕೈಗೆ ಹೋಗುತ್ತದೆ. ತಮ್ಮ ಪತ್ರಿಕೆಗೆ ಹೊಂದುತ್ತದೆ ಎನಿಸಿದರೆ ಅವರು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳಿಸುತ್ತಾರೆ. ಇದಕ್ಕೆ ಪರಿಣತರ ಪರಿಶೀಲನೆ ಎನ್ನುತ್ತಾರೆ. ಪರಿಶೀಲಿಸಿದವರು ಯಾರೆಂದು ಸಾಮಾನ್ಯವಾಗಿ ಬರೆದವರಿಗೆ ತಿಳಿಸುವುದಿಲ್ಲ. ಮಾದರಿ ಸಾಲದು, ಈ ಲೆಕ್ಕ ಮತ್ತೆ ಮಾಡಿ, ಈ ತೀರ್ಮಾನಕ್ಕೆ ಆಧಾರವಿಲ್ಲ ಎಂದು ಅವರು ಬರೆಯುತ್ತಾರೆ. ಲೇಖಕರು ಪ್ರತಿಯೊಂದಕ್ಕೂ ಉತ್ತರ ಕೊಡಬೇಕು, ತಿದ್ದಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಎಷ್ಟೋ ಲೇಖನಗಳು ತಿರಸ್ಕೃತವಾಗುತ್ತವೆ. ಪ್ರಕಟವಾದ ಮೇಲೂ ದೊಡ್ಡ ತಪ್ಪು ಕಂಡರೆ ಲೇಖನವನ್ನು ಹಿಂದಕ್ಕೆ ಪಡೆಯುವ ಪದ್ಧತಿ ಇದೆ.

ನನ್ನದೊಂದು ತಪ್ಪನ್ನು ಇಲ್ಲಿ ಹೇಳಿಬಿಡುತ್ತೇನೆ. ಎಂ.ಎಸ್ಸಿ. ಮುಗಿಸಿದ ಹೊಸತರಲ್ಲಿ ನನಗೊಂದು ಇಮೇಲ್ ಬಂತು. ನಿಮ್ಮ ಪ್ರಾಜೆಕ್ಟನ್ನು ಕಳಿಸಿ, ಹಣ ಕಟ್ಟಿ, ನಾಲ್ಕೇ ದಿನದಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ ಎಂದಿತ್ತು. ಕಳಿಸಿದೆ, ಹಣವನ್ನೂ ಕಟ್ಟಿದೆ. ನಾಲ್ಕನೇ ದಿನ ಪ್ರಮಾಣಪತ್ರ ಬಂತು. ಮುಂದೆ ಒಂದು ಸಂದರ್ಶನದಲ್ಲಿ ಹಿರಿಯರೊಬ್ಬರು, "ಇದನ್ನು ಪರಿಶೀಲಿಸಿದವರು ಏನೇನು ತಿದ್ದುಪಡಿ ಹೇಳಿದ್ದರು?" ಎಂದು ಕೇಳಿದರು. ಯಾರೂ ಏನೂ ಹೇಳಿರಲಿಲ್ಲ. ಒಂದು ಅಕ್ಷರವನ್ನೂ ಯಾರೂ ಓದಿರಲಿಲ್ಲ. ನನಗೆ ಉತ್ತರ ಕೊಡಲು ಆಗಲಿಲ್ಲ. ಆ ಪತ್ರಿಕೆಯ ವೆಬ್‌ಸೈಟ್ ಈಗ ಇಲ್ಲ. ನನ್ನ ಹೆಸರಿನ ಮುಂದೆ ಆ ಲೇಖನವನ್ನು ನಾನು ಈಗ ಬರೆದುಕೊಳ್ಳುವುದೂ ಇಲ್ಲ.

ನಾಳೆ ನೀವು ಪದವಿಗೆ ಹೋದಾಗ ಇಂಥ ಕರೆಗಳು ನಿಮಗೂ ಬರುತ್ತವೆ. ನೆನಪಿಡಿ: ಕೆಲವು ಒಳ್ಳೆಯ ಪತ್ರಿಕೆಗಳೂ ಶುಲ್ಕ ಪಡೆಯುತ್ತವೆ. ಹಣ ಕೇಳಿದ ಮಾತ್ರಕ್ಕೆ ಪತ್ರಿಕೆ ಕೆಟ್ಟದ್ದಲ್ಲ. ಓದದೆ, ತಿದ್ದದೆ ಅಚ್ಚು ಮಾಡುವ ಪತ್ರಿಕೆ ಕೆಟ್ಟದ್ದು. ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಹಿಂದಿನ ಸಂಚಿಕೆಗಳು ಹೇಗಿವೆ ಎಂದು ನೋಡಿ, ಉಪನ್ಯಾಸಕರನ್ನು ಕೇಳಿ. ಐಎಸ್‌ಎಸ್‌ಎನ್ ಸಂಖ್ಯೆ ಇದೆ ಎಂದ ಮಾತ್ರಕ್ಕೆ ನಂಬಬೇಡಿ. ಅದು ಪತ್ರಿಕೆಯ ಗುರುತಿನ ಸಂಖ್ಯೆ ಅಷ್ಟೇ, ಗುಣಕ್ಕೆ ಸಾಕ್ಷಿಯಲ್ಲ.

25 ಬರೆಯಬೇಕೋ, 28 ಬರೆಯಬೇಕೋ?

ಕೊನೆಯದಾಗಿ ನಮ್ಮದೇ ಪ್ರಯೋಗಾಲಯದ ಮಾತು. ವಿಜ್ಞಾನ ಸಂಘದಿಂದ ಹಾಲಿನ ಪರೀಕ್ಷೆ ಇಟ್ಟುಕೊಂಡಿದ್ದ ದಿನ ಎಲ್ಲರ ಹಾಳೆಯಲ್ಲೂ ಲ್ಯಾಕ್ಟೋಮೀಟರ್ ಅಂಕಿ 28 ಎಂದಿತ್ತು. ಒಬ್ಬ ವಿದ್ಯಾರ್ಥಿನಿಯ ಹಾಳೆಯಲ್ಲಿ ಮಾತ್ರ ಏನೋ ಅಳಿಸಿ 28 ಎಂದು ತಿದ್ದಿದ್ದು ಕಂಡಿತು. ಕೇಳಿದೆ.

"ಸರ್, ನಂದು 25 ಬಂದಿತ್ರಿ. ಎಲ್ಲಾರ್ದೂ 28 ಐತಿ. ನಂದ ತಪ್ಪಿರಬೇಕಂತ 28 ಬರದ್ನಿರಿ."

ಅವಳು ತಂದಿದ್ದು ಮನೆಯ ಆಕಳ ಹಾಲು. ನೀರು ಬೆರೆಸಿದ್ದಾರೆ ಎಂದು ಯಾರಾದರೂ ಅಂದಾರು ಎಂಬ ಅಳುಕು ಬೇರೆ. ಇಬ್ಬರೂ ಸೇರಿ ಮತ್ತೆ ನೋಡಿದೆವು. ಆಗ ತಾನೇ ಕರೆದ ಹಾಲನ್ನು ಫ್ಲಾಸ್ಕಿನಲ್ಲಿ ತಂದಿದ್ದಳು. ಥರ್ಮಾಮೀಟರ್ ಇಟ್ಟರೆ 36 ಡಿಗ್ರಿ! ನಮ್ಮ ಲ್ಯಾಕ್ಟೋಮೀಟರ್ ಮಾಡಿದ್ದು 27 ಡಿಗ್ರಿಗೆ. ಬೆಚ್ಚಗಿನ ಹಾಲು ಹಿಗ್ಗಿರುತ್ತದೆ, ಸಾಂದ್ರತೆ ಕಡಿಮೆ ತೋರಿಸುತ್ತದೆ. ತಣಿಸಿ ಅಳೆದಾಗ 27 ಬಂತು. 28 ಅಲ್ಲ, 27.

ಅವಳ 25 ತಪ್ಪಾಗಿರಲಿಲ್ಲ. ಉಷ್ಣತೆಯನ್ನು ಬರೆಯದೆ ಬಿಟ್ಟಿದ್ದಷ್ಟೇ ಕೊರತೆ. ತಪ್ಪಾಗಿದ್ದು 28. ಅದು ಎಲ್ಲೂ ಇಲ್ಲದ ಹಾಲಿನ ಅಂಕಿ. ಆ ದಿನ ಉಳಿದವರ ಹಾಳೆಯಲ್ಲಿದ್ದ 28ರಲ್ಲಿ ಎಷ್ಟು ಅಳೆದದ್ದು, ಎಷ್ಟು ಪಕ್ಕದವರನ್ನು ನೋಡಿ ಬರೆದದ್ದು ಎಂದು ನಾನು ಕೇಳಲಿಲ್ಲ. ನೀವೇ ಕೇಳಿಕೊಳ್ಳಿ. ಬ್ಯಾಬ್‌ಕಾಕ್ ಆ ಒಂದು ಹಸುವನ್ನು ಲೆಕ್ಕದಿಂದ ಬಿಟ್ಟಿದ್ದರೆ ಅವರ ಪರೀಕ್ಷೆಯನ್ನು ಯಾವ ರೈತ ನಂಬುತ್ತಿದ್ದ?

ಹೈನು ತಂತ್ರಜ್ಞಾನದಲ್ಲಿ ಮುಂದೆ ಓದಬೇಕೆನ್ನುವವರಿಗೆ ಬೆಂಗಳೂರಿನ ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಟೆಕ್. ಇದೆ. ಅದು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮೊದಲು ಧಾರವಾಡದ ಹಾಲು ಒಕ್ಕೂಟದಲ್ಲಿದ್ದ ನಮ್ಮ ಹಾವೇರಿ ಜಿಲ್ಲೆಗೆ ಈಗ ತನ್ನದೇ ಒಕ್ಕೂಟ ಬಂದಿದೆ. ಹಾಲು ಬಲ್ಲವರ ಕೆಲಸ ಇಲ್ಲಿಯೇ ಹೆಚ್ಚಲಿದೆ.

ಮಾಡಿ ನೋಡಿ: ಒಂದು ವಾರ ದಿನವೂ ಎರಡು ಹೊತ್ತು ಮನೆಯ ಹಾಲಿನ ಚೀಟಿಯಲ್ಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಬರೆದಿಡಿ. ಹಸುವಿನ ಹಾಲಿಗೆ ನಿಗದಿಯಾದ ಕನಿಷ್ಠ ಮಟ್ಟ ಫ್ಯಾಟ್ 3.2, ಎಸ್‌ಎನ್‌ಎಫ್ 8.3. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ವ್ಯತ್ಯಾಸ ಕಾಣುತ್ತದೆಯೇ? ಆ ದಿನ ಪಶುವಿಗೆ ಹಾಕಿದ ಮೇವು ಯಾವುದು? ಡೇರಿ ಇಲ್ಲದವರು ಗೆಳೆಯರ ಮನೆಯ ಚೀಟಿ ನೋಡಿ. ಮೇಲಿನ ಏಳು ಅಂಗಗಳಲ್ಲಿ ಎರಡು ಪುಟದ ಲೇಖನ ಬರೆದು ತನ್ನಿ. ಅಂಕಿ ವಿಚಿತ್ರವಾಗಿ ಕಂಡರೆ ಅಳಿಸಬೇಡಿ, ಅದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ತನ್ನಿ. ನಾನು ಮೊದಲು ಓದುವುದು ಅದನ್ನೇ.