ಮಿದುಳಿನ ಗಡ್ಡೆಗೆ ಲಸಿಕೆ: ಒಂದು ಗುರುತು ಸಾಕಾ?

ಲಸಿಕೆ ಅಂದ್ರೆ ರೋಗ ಬರೋ ಮುಂಚೆ ಹಾಕಿಸಿಕೊಳ್ಳೋದು ಅಂತಲೇ ನಾವೆಲ್ಲ ತಿಳಿದಿರೋದು. ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್‌ಗೆ ತಯಾರಾಗುತ್ತಿರುವ ಲಸಿಕೆಗಳನ್ನು ಕೊಡುವುದು ರೋಗ ಬಂದ ಮೇಲೆ. ಆಪರೇಷನ್, ವಿಕಿರಣ, ಟೆಮೊಜೊಲೊಮೈಡ್ ಮೂರೂ ಸೇರಿದರೂ 2005ರ ಅಧ್ಯಯನದಲ್ಲಿ ರೋಗಿಗಳ ಬದುಕಿನ ಮಧ್ಯಾಂಕ ಬರೀ 14.6 ತಿಂಗಳು. ಹಾಗಾಗಿ, ಗಡ್ಡೆಯನ್ನು ಗುರುತಿಸೋದನ್ನ ನಮ್ಮ ಬಿಳಿ ರಕ್ತಕಣಗಳಿಗೇ ಕಲಿಸೋಣ ಅನ್ನೋದು ಇಲ್ಲಿನ ಯೋಚನೆ.

ರಿಂಡೋಪೆಪಿಮಟ್ ಎಂಬ ಲಸಿಕೆ ಒಂದೇ ಒಂದು ಗುರುತನ್ನು ಕಲಿಸಿತು: ಕೆಲವರ ಗಡ್ಡೆಯಲ್ಲಿ ಮಾತ್ರ ಕಾಣುವ, ರೂಪ ಬದಲಿಸಿದ ಒಂದು ಪ್ರೋಟೀನ್. 2017ರಲ್ಲಿ ಮೂರನೇ ಹಂತದ ಫಲಿತಾಂಶ ಬಂತು. ಮುಖ್ಯ ಗುಂಪಿನಲ್ಲಿ ಲಸಿಕೆ ಪಡೆದವರಿಗೆ 20.1 ತಿಂಗಳು, ಪಡೆಯದವರಿಗೆ 20.0. ಮರಳಿ ಬಂದ ಎಷ್ಟೋ ಗಡ್ಡೆಗಳಲ್ಲಿ ಆ ಪ್ರೋಟೀನೇ ಇರಲಿಲ್ಲ, ಲಸಿಕೆ ಪಡೆಯದವರಲ್ಲೂ! ಗಡ್ಡೆಯ ಕೋಶಗಳೆಲ್ಲ ಒಂದೇ ಥರ ಇರೋದಿಲ್ಲ. ಗುರುತಿಲ್ಲದವು ಉಳಿದು ಬೆಳೆಯುತ್ತವೆ.

ಡಿಸಿವ್ಯಾಕ್ಸ್-ಎಲ್ ಬೇರೆ ದಾರಿ ಹಿಡಿಯಿತು. ರೋಗಿಯ ರಕ್ತದಿಂದಲೇ ಡೆಂಡ್ರಿಟಿಕ್ ಕೋಶಗಳನ್ನು ಬೆಳೆಸಿ, ಆಪರೇಷನ್‌ನಲ್ಲಿ ತೆಗೆದ ಅವರದೇ ಗಡ್ಡೆಯ ಸಾರವನ್ನು ಅವಕ್ಕೆ ಉಣಿಸಿ, ಚರ್ಮದೊಳಗೆ ಚುಚ್ಚುತ್ತಾರೆ. ಒಂದರ ಬದಲು ಹಲವು ಗುರುತು. 2022ರ ವರದಿಯಲ್ಲಿ ಹೊಸ ರೋಗಿಗಳಿಗೆ 19.3 ತಿಂಗಳು, ಹೋಲಿಕೆಯವರಿಗೆ 16.5.

ಆದರೆ ಆ ಹೋಲಿಕೆಯವರು ಬೇರೆ ಅಧ್ಯಯನಗಳಿಂದ ಬಂದವರು. ಯಾಕಂದ್ರೆ ಗಡ್ಡೆ ಮರುಕಳಿಸಿದ ಯಾರಿಗೂ ಲಸಿಕೆ ಪಡೆಯಲು ಅವಕಾಶವಿತ್ತು. ಬಹುಪಾಲು ಎಲ್ಲರೂ ಪಡೆದರು. ಸಾವಿನ ಅಂಚಿನಲ್ಲಿರೋರಿಗೆ ಇಲ್ಲ ಅನ್ನೋಕಾಗುತ್ತಾ? ಆ ಕರುಣೆಯಿಂದಲೇ ಲಸಿಕೆ ನಿಜಕ್ಕೂ ಕೆಲಸ ಮಾಡಿತಾ ಅನ್ನೋ ಪ್ರಶ್ನೆ ಪೂರ್ತಿ ಬಗೆಹರಿಯದೆ ಉಳಿಯಿತು. ಲ್ಯಾಬ್‌ನಲ್ಲಿ ಕಂಟ್ರೋಲ್ ರೀಡಿಂಗ್ ಬಿಟ್ಟು ಮುಂದೆ ಹೋಗೋ ನಾವು ಇದನ್ನ ನೆನಪಿಡೋಣ.